ಅಜ್ಜನ ಗೋಡೆಗೆ ಸಿಮೆಂಟು ಬೇಡ!

ಇನ್ನು ಮೇಲೆ ತನ್ನ ಮಾಳಿಗೆ ಮೇಲೆ ಬಿದ್ದ ಒಂದೇ ಒಂದು ಹನಿಯೂ ಅಪ್ಪಣೆಯಿಲ್ಲದೆ ಬೀದಿಗೆ ಹೋಗಕೂಡದು ಎಂದು ಮೊಳಕಾಲ್ಮೂರಿನ ನೇಕಾರ ನಾಗರಾಜಪ್ಪ ಘೋಷಿಸಿಬಿಟ್ಟ. ಚಳ್ಳಕೆರೆಯಲ್ಲಿ ಮಳೆನೀರು ಕೊಯ್ಲಿನ ಬಗ್ಗೆ ಒಂದು ದಿನದ ತರಬೇತಿ ಮುಗಿಸಿ ಬಂದಿದ್ದ. ಊಟದ ನಂತರದ ಪಾಠವೆಲ್ಲ ನಿದ್ದೆಯಲ್ಲಿ ಹೋಗಿತ್ತು, ನಿಜ. ಭಗೀರಥನೇನು ತರಬೇತಿಗೆ ಹೋಗಿದ್ದನೇ?

ಹೆಂಡತಿ ದ್ಯಾಮಮ್ಮ ಮಗ್ಗದ ಕಡೆ ಕೈ ತೋರಿಸಿದಳು. ನೇಯುವವನು ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂರುವ ಹಳೇ ಗುಂಡಿಮಗ್ಗ. ಅದರ ಮೇಲೆ ಮಗಳು ಮೌನಿಕಾಳ ಧಾರೆ ಸೀರೆ. ಅಪ್ಪ ನೇಯ್ದದ್ದನ್ನೇ ಉಡುತ್ತೇನೆ ಎಂದು ಹುಡುಗಿ ಹಟ ಹಿಡಿದಿದ್ದಳು. ಇನ್ನೂ ಎರಡು ಮೊಳ ಬಾಕಿ. ಮದುವೆಗೆ ಎಂಟೇ ದಿನ.

"ಮೊದ್ಲು ಸೀರೆ ಇಳಿಸ್ರಿ. ಮಳೆ ಎಲ್ಲಿಗೂ ಓಡಿಹೋಗಲ್ಲ, ಬಂದ್ರೆ ತಾನೇ ಹೋಗಾಕೆ!"

"ನಿಂಗೆ ದೂರದೃಷ್ಟಿ ಇಲ್ಲ ಕಣೇ."

"ಹತ್ರ ಇರೋದನ್ನಾದ್ರೂ ನೀವು ನೋಡ್ರಿ. ನೀವು ಮಳೆನೀರಿಗೆ ತೊಟ್ಟಿ ತೋಡಾಕೆ ಹೊರಟಿರೋ ಗೋಡೆ ಆಚೆಗೇ ಮಗ್ಗದ ಗುಂಡಿ ಐತೆ."

ಹೆಂಗಸರಿಗೆ ಜಲವಿಜ್ಞಾನ ಏನು ತಿಳಿದೀತು! ಅಗೆತ ಶುರುವಾಗಿ ಸೊಂಟದಾಳಕ್ಕೆ ಬಂಡೆ ಸಿಕ್ಕಿತು. ತಳ ಗಟ್ಟಿಯಾಯಿತೆಂದು ನಾಗರಾಜಪ್ಪ ಹಿಗ್ಗಿದ. ಗಾರೆ ಕೆಲಸದ ಚಿನ್ನಯ್ಯ ತೊಟ್ಟಿಯ ಮೂರು ಕಡೆ ಸಿಮೆಂಟು ಬಳಿದು, ಮನೆಯ ಗೋಡೆಯಿದ್ದ ನಾಲ್ಕನೆಯದಕ್ಕೆ ಕೈ ಹಾಕಿದ.

"ಲೇ, ಮುಟ್ಟಬ್ಯಾಡ! ಅದು ನಮ್ಮಜ್ಜ ಕಟ್ಟಿದ ಪಾಯ. ಆನೆ ಗುದ್ದಿದ್ರೂ ಅಲ್ಲಾಡಲ್ಲ!"

"ಬರೋದು ಆನೆ ಅಲ್ಲಣ್ಣ, ನೀರು," ಎಂದ ಚಿನ್ನಯ್ಯ.

ಬಾಗಿಲಿಗೆ 'ಮಳೆನೀರು ಕೊಯ್ಲು ಮಾದರಿ ಮನೆ' ಎಂಬ ಬೋರ್ಡು ಏರಿತು. ಮೂರನೇ ದಿನ ಮಧ್ಯಾಹ್ನ, ಬೋರ್ಡು ಓದಿಕೊಂಡೇ ಬಂದವನಂತೆ ಮಳೆರಾಯ ಸುರಿದ. ಸುರಿದ ಎಂದರೆ ಸುರಿದ! ತೊಟ್ಟಿ ಮುಕ್ಕಾಲು ತುಂಬಿತು. ನಾಗರಾಜಪ್ಪ ಕೊಡೆ ಹಿಡಿದು ಮೀಸೆ ತಿರುವಿದ. ಆಮೇಲೆ ಯಾಕೋ ಎಷ್ಟು ಸುರಿದರೂ ನೀರು ಮೇಲೇರಲೇ ಇಲ್ಲ.

"ಭೂಮ್ತಾಯಿ ಕುಡೀತಾಳೆ," ಎಂದು ವಿವರಿಸುತ್ತಿರುವಾಗಲೇ ಒಳಗಿಂದ ಮೌನಿಕಾ ಕಿರುಚಿದಳು.

"ಅಪ್ಪಾ! ಮಗ್ಗ!"

ಅಜ್ಜನ ಪಾಯದ ಕಲ್ಲುಸಂದಿಯಿಂದ ನೀರು ಸಲೀಸಾಗಿ ಒಳಬರುತ್ತಿತ್ತು. ಗುಂಡಿಯಲ್ಲಿ ಮಗ್ಗ ತುಳಿಯುವ ಕಾಲುಮಣೆಗಳು ತೇಲುತ್ತಿದ್ದವು. ನೀರಿಗೂ ರೇಷ್ಮೆಗೂ ನಡುವೆ ಉಳಿದದ್ದು ಒಂದೇ ಗೇಣು. ಒಂದೂವರೆ ತಿಂಗಳಿಂದ ದಿನಾ ಸಂಜೆ ಆ ಹುಡುಗಿ ಬಂದು ಸೀರೆಯ ಅಂಚು ಸವರಿ ಹೋಗುತ್ತಿದ್ದಳು.

"ಸಾಕಪ್ಪಾ, ನಿಲ್ಲಿಸು!" ಎಂದು ನಾಗರಾಜಪ್ಪ ಮೇಲೆ ನೋಡಿ ಕೈ ಮುಗಿದ. ಈ ಬರದ ಸೀಮೆಯಲ್ಲಿ ಮಳೆ ಬೇಡ ಎಂದು ಬೇಡಿಕೊಂಡ ಮೊದಲ ಮಹಾನುಭಾವ!

ದ್ಯಾಮಮ್ಮ ಕೈ ಮುಗಿಯಲಿಲ್ಲ. ಬೀದಿಗೆ ಹೋಗಿ ಕೂಗಿದಳು. ಪಕ್ಕದ ಮನೆ ಹುಚ್ಚಕ್ಕ ಕೊಡ ತಂದಳು. ಅವಳ ಹಿಂದೆ ಇಡೀ ಬೀದಿಯೇ ಬಂತು. ಪುಕ್ಕಟೆ ನೀರೆಂದರೆ ಯಾರು ಬಿಡುತ್ತಾರೆ? ಗುಂಡಿಯ ನೀರು ಮೊಗೆದಷ್ಟೂ ತೊಟ್ಟಿಯ ನೀರೂ ಇಳಿಯಿತು. ಸಂಜೆಯೊಳಗೆ ಎರಡೂ ಖಾಲಿ. ಸೀರೆಗೆ ಒಂದು ಹನಿಯೂ ತಾಗಿರಲಿಲ್ಲ.

ನಾಗರಾಜಪ್ಪ ಗೋಡೆಗೊರಗಿ ಕೂತು, "ಒಂದೀಟು ಕಾಫಿ ಕೊಡೇ," ಎಂದ.

"ನೀರಿಲ್ಲ," ಎಂದು ದ್ಯಾಮಮ್ಮ ಅವನ ಕೈಗೆ ಖಾಲಿ ಕೊಡ ಕೊಟ್ಟಳು.

ಪಕ್ಕದ ಮನೆಯಲ್ಲಿ ಹುಚ್ಚಕ್ಕ ತನ್ನ ತುಂಬಿದ ಹಂಡೆಯಿಂದ ಅಳೆದು ಅಳೆದು ಅರ್ಧ ಕೊಡ ಸುರಿದಳು.

"ನೋಡ್ಕಂಡು ಬಳಸ್ರಿ ನಾಗರಾಜಪ್ಪ. ನಿಮ್ಮನ್ಯಾಗಾದ್ರೆ ಮಗ್ಗದಾಗೂ ನೀರು ಬರ್ತೈತೆ. ನಮ್ಗೆ ಹಂಗೆಲ್ಲ ಬರಲ್ಲ!"