ಮಾವನ ಮಡಿಗೆ ದೀಪ

ಮೇ ತಿಂಗಳಲ್ಲಿ ಮನುಷ್ಯ ನೆಮ್ಮದಿಯಾಗಿರಬೇಕೆಂದರೆ ಅವನ ಬಳಿ ಟೊಮ್ಯಾಟೊ ಸಸಿ ಇರಬಾರದು. ಇದ್ದರೂ ಅದು ಮಾವನದಾಗಿರಬಾರದು. ನನ್ನ ಗ್ರಹಚಾರ, ಎರಡೂ ಒಟ್ಟಿಗೇ ಬಂದವು.

ಪೋಲೆಂಡಿನ ಪೂರ್ವದಂಚಿನ ನಮ್ಮ ಬಿಯಾವಿಸ್ತೋಕ್ ಊರಿನ ಚಳಿಗಾಲ ಒಂಥರಾ ನೆಂಟನಿದ್ದಂತೆ. ಏಪ್ರಿಲ್‌ನಲ್ಲಿ ಹೊರಟೆ ಎಂದು ಕೋಟು ಹಾಕಿಕೊಂಡು ಬಾಗಿಲವರೆಗೆ ಹೋಗುತ್ತದೆ, ಅಲ್ಲೇ ನಿಂತು ಮತ್ತೆ ಮಾತು ಶುರುಮಾಡುತ್ತದೆ. ಮೇ ಮಧ್ಯದಲ್ಲಿ ಮೂವರು ಸಂತರ ದಿನಗಳು ಸಾಲಾಗಿ ಬರುತ್ತವೆ, ಅವರ ಬೆನ್ನಿಗೇ ಸಂತ ಜೋಫಿಯಾಳ ದಿನ. ಎಲ್ಲರೂ ಪುಣ್ಯಾತ್ಮರೇ. ಆದರೆ ಬರುವಾಗ ಬರಿಗೈಯಲ್ಲಿ ಬರುವುದಿಲ್ಲ, ಹಿಮ ತರುತ್ತಾರೆ. ಆ ತಣ್ಣನೆಯ ಜೋಫಿಯಾ ದಾಟುವವರೆಗೆ ನಮ್ಮಲ್ಲಿ ಯಾರೂ ಟೊಮ್ಯಾಟೊ ಸಸಿಯನ್ನು ನೆಲಕ್ಕೆ ಇಡುವುದಿಲ್ಲ. ಹೆಂಡತಿಯನ್ನು ಬಿಟ್ಟವನನ್ನೂ ಇಲ್ಲಿ ಒಂದಲ್ಲ ಒಂದು ದಿನ ಕ್ಷಮಿಸುತ್ತಾರೆ, ಜೋಫಿಯಾಗಿಂತ ಮೊದಲು ಟೊಮ್ಯಾಟೊ ನೆಟ್ಟವನನ್ನು ಮಾತ್ರ ಇಲ್ಲ.

ನಮ್ಮ ಮಾವ ಹೆನ್ರಿಕ್‌ಗೆ ಊರಂಚಿನಲ್ಲಿ ತೋಟಗಾರರ ಸಂಘ ಹಂಚಿಕೊಟ್ಟ ತೋಟಗಳ ಸಾಲಿನಲ್ಲಿ ಒಂದು ತುಂಡು ನೆಲವಿದೆ. ಅಲ್ಲಿ ಅವರು ಬೆಳೆಯುವ ಟೊಮ್ಯಾಟೊ ತಳಿಯ ಹೆಸರು 'ಕೋಣನ ಹೃದಯ'. (ಮಾವನ ಹೃದಯಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ.) ಸೊಂಟದ ಕೀಲು ಬದಲಿಸಿಕೊಳ್ಳಲು ಆಸ್ಪತ್ರೆಗೆ ಹೊರಟವರು ನನ್ನನ್ನು ಪಕ್ಕಕ್ಕೆ ಕರೆದರು.

"ನೋಡಯ್ಯಾ ವಿತೆಕ್, ನನಗಿನ್ನು ಬಗ್ಗೋಕಾಗಲ್ಲ. ಇಷ್ಟು ವರ್ಷ ಬೆಳೆದ್ರೂ ಚೆನ್ನಾಗಿದೆ ಅಂದ ಪುಣ್ಯಾತ್ಮ ಒಬ್ಬನಿಲ್ಲ. ನಾನು ವಾಪಸ್ ಬರೋವರೆಗೆ ಈ ಸಸಿಗಳನ್ನ ಜೀವಂತ ಇಟ್ಟಿದ್ರೆ ತೋಟ ನಿಮಗೆ. ಸತ್ತುಹೋದ್ರೆ ಸಂಘಕ್ಕೆ ಬಿಟ್ಟುಕೊಡ್ತೀನಿ. ಕಾಯ್ತಾ ಇರೋ ಜನ ಬೇಕಾದಷ್ಟಿದ್ದಾರೆ."

ನಾನು ಹಳ್ಳಿಯಲ್ಲಿ ಬೆಳೆದವನು. ಓದಿ, ನೌಕರಿ ಹಿಡಿದು, ಮೂರನೇ ಮಹಡಿ ಹತ್ತಿದ ಮೇಲೆ ನನ್ನ ಕೈಗೆ ಮಣ್ಣು ಸಿಗುವುದು ಆಲೂಗಡ್ಡೆ ತೊಳೆಯುವಾಗ ಮಾತ್ರ. ಆ ತೋಟಕ್ಕಾಗಿ ನಾನು ಸಸಿಗಳಿಗೇನು, ಗೊಬ್ಬರಕ್ಕೂ ಜೋಗುಳ ಹಾಡಲು ಸಿದ್ಧನಿದ್ದೆ.

ಹಾಗಾಗಿ ನಮ್ಮ ಮನೆಯ ಕಿಟಕಿಗಳನ್ನೆಲ್ಲ ಮೊಸರಿನ ಖಾಲಿ ಡಬ್ಬಿಗಳು ಆಕ್ರಮಿಸಿಕೊಂಡವು. ಡಬ್ಬಿಯಿಂದ ಸಸಿಗಳು ಎದ್ದು ಪರದೆಯನ್ನು ಹಿಡಿದು ಹತ್ತತೊಡಗಿದವು.

"ಕಿಟಕಿ ತೆಗೆದು ವಾರಗಟ್ಲೆ ಆಯ್ತು," ಎಂದಳು ನನ್ನಾಕೆ ದನೂತಾ. "ನಿನ್ನ ಟೊಮ್ಯಾಟೊಗೆ ಶೀತ ಆಗಬಾರದು. ನಾನು ಉಸಿರುಕಟ್ಟಿ ಸತ್ರೆ ಪರವಾಗಿಲ್ಲ."

"ನನ್ನ ಟೊಮ್ಯಾಟೊ ಅಲ್ಲ ಕಣೇ, ನಿಮ್ಮಪ್ಪಂದು."

"ನಮ್ಮಪ್ಪ ನಿನ್ನನ್ನೇ ಯಾಕೆ ಆರಿಸಿದ್ರು ಗೊತ್ತಾ? ಪುಕ್ಕಲರು ಸಸಿ ಚೆನ್ನಾಗಿ ನೋಡ್ಕೋತಾರೆ ಅಂತ."

ಈ ಮಾತೇ ನನ್ನನ್ನು ಕೆಡಿಸಿತು. ಮೇ ಮೊದಲ ವಾರ ಬಿಸಿಲೋ ಬಿಸಿಲು. ಜನ ಅರ್ಧ ತೋಳಿನ ಅಂಗಿ ಹಾಕಿಕೊಂಡು ಐಸ್‌ಕ್ರೀಮ್ ತಿನ್ನುತ್ತಿದ್ದರು. ಪುಕ್ಕಲನಲ್ಲವೆಂದು ತೋರಿಸುವ ಹುಮ್ಮಸ್ಸಿನಲ್ಲಿ ನಾನು ಸಸಿಗಳನ್ನು ತೋಟಕ್ಕೆ ಸಾಗಿಸಿ ಒಂದು ಮಡಿಯಲ್ಲಿ ನೆಟ್ಟುಬಿಟ್ಟೆ. ಆ ಸಂಜೆ ಎಂದಿನಂತೆ ಆಸ್ಪತ್ರೆಯಿಂದ ಮಾವನ ಫೋನು ಬಂತು.

"ಸಸಿ ಎಲ್ಲಿವೆ?"

"ಕಿಟಕೀಲೇ ಇವೆ ಮಾವ."

ಅಂದಿನಿಂದ ನನಗೆ ನಿದ್ದೆಯಿಲ್ಲ. ಕಚೇರಿಯಲ್ಲಿ ಕೂತು ಗಂಟೆಗೊಮ್ಮೆ ಹವಾಮಾನ ನೋಡುವುದು, ಮೋಡ ಕಂಡರೆ ಖುಷಿಪಡುವುದು, ಆಕಾಶ ತಿಳಿಯಾದರೆ ಬೆವರುವುದು. (ಹಿಮ ಬೀಳುವುದು ಮೋಡವಿಲ್ಲದ ರಾತ್ರಿಯಲ್ಲೇ.) ಮೂವರು ಸಂತರು ಹೇಗೋ ನನ್ನ ಮೇಲೆ ಕರುಣೆ ತೋರಿ ದಾಟಿದರು. ನಾಲ್ಕನೆಯವಳು ತೋರುವ ಹಾಗೆ ಕಾಣಲಿಲ್ಲ. ಜೋಫಿಯಾಳ ದಿನ ಬೆಳಿಗ್ಗೆಯೇ ರೇಡಿಯೋದಲ್ಲಿ ಹೇಳಿದರು: ರಾತ್ರಿ ನೆಲದ ಮಟ್ಟದಲ್ಲಿ ಹಿಮ ಬೀಳುವ ಸಂಭವ.

ಇಂಥ ಹೊತ್ತಿಗೆ ನಮ್ಮ ತೋಟದವರಲ್ಲಿ ಒಂದು ಉಪಾಯವಿದೆ. ಸಮಾಧಿಯ ಮೇಲೆ ಹಚ್ಚಿಡುವ ಮೇಣದ ದೀಪ, ಗಾಜಿನ ಗೂಡಿನದು, ಗಾಳಿಗೂ ಆರದೆ ಬೆಳಗಿನವರೆಗೆ ಉರಿಯುತ್ತದೆ. ಅಂಥದ್ದು ಒಂದೋ ಎರಡೋ ಹೊದಿಕೆಯ ಒಳಗಿಟ್ಟರೆ ಸಸಿ ಬೆಚ್ಚಗಿರುತ್ತದೆ. ಒಂದೋ ಎರಡೋ ಸಾಲುವುದು ಧೈರ್ಯಸ್ಥರಿಗೆ. ನಾನು ಸ್ಮಶಾನದ ಗೇಟಿನ ಎದುರಿನ ಅಂಗಡಿಯಲ್ಲಿ ಚೀಲ ತುಂಬಾ ಕೊಂಡೆ. ಅಂಗಡಿಯಾಕೆ ನನ್ನ ಮುಖ ನೋಡಿ ಬೆಂಕಿಪೊಟ್ಟಣವನ್ನು ಪುಕ್ಕಟೆ ಕೊಟ್ಟಳು.

ತೋಟಕ್ಕೆ ಹೋಗಿ ಮಡಿಯ ಮೇಲೆ ಮನೆಯ ಬಿಳಿ ಚಾದರ ಹೊದಿಸಿದೆ. ಚಾದರ ಸಸಿಗೆ ತಾಗದಿರಲೆಂದು ಎರಡು ಕೋಲನ್ನು ಅಡ್ಡ ಕಟ್ಟಿ ಮಡಿಯ ತಲೆಯ ಕಡೆ ನೆಟ್ಟೆ. ದೀಪ ಒಳಗಿಟ್ಟರೆ ಚಾದರಕ್ಕೆ ಬೆಂಕಿ ಹತ್ತೀತು ಎಂಬ ಭಯದಿಂದ ಎಲ್ಲವನ್ನೂ ಸುತ್ತಲೂ ಜೋಡಿಸಿ ಹಚ್ಚಿದೆ. ಚಳಿಗೆ ನನ್ನ ಕಪ್ಪು ಕೋಟು ಹಾಕಿಕೊಂಡು, ಹೊಗೆಗೆ ಕಣ್ಣೀರು ಸುರಿಸುತ್ತಾ ಪಕ್ಕದಲ್ಲಿ ಕೂತೆ. ಮಡಿ ಹೆಚ್ಚುಕಡಿಮೆ ಒಬ್ಬ ಮನುಷ್ಯ ಕಾಲುಚಾಚಿ ಮಲಗುವಷ್ಟು ಉದ್ದವಿತ್ತು ಎಂಬುದನ್ನು ನಾನಾಗ ಗಮನಿಸಲಿಲ್ಲ.

ಗಮನಿಸಿದವರು ಪಕ್ಕದ ತೋಟದ ಯಾನಿನಮ್ಮ. ಬೇಲಿಯಾಚೆ ನಿಂತು ಒಮ್ಮೆ ನೋಡಿದರು, ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು, ಸರಸರನೆ ಹೋದರು. ನನ್ನ ಹಿಮನಿರೋಧಕ ಮಹಾಯೋಜನೆಗೆ ಬೆರಗಾದರೆಂದುಕೊಂಡೆ.

ಹೊತ್ತು ಮುಳುಗುವ ಮುಂಚೆಯೇ ಜನ ಬರತೊಡಗಿದರು. ಟೋಪಿ ಒಂದು ಕೈಯಲ್ಲಿ, ಟ್ಯೂಲಿಪ್ ಹೂ ಇನ್ನೊಂದು ಕೈಯಲ್ಲಿ. ಮುಂದೆ ಯಾನಿನಮ್ಮ, ಹಿಂದೆ ಎಡ್ಮುಂಡ್. ಈ ಎಡ್ಮುಂಡ್ ಎದುರು ತೋಟದವರು, ಮಾವನ ಪರಮವೈರಿ. ಕೋಣನ ಹೃದಯವನ್ನು 'ನೀರು ತುಂಬಿದ ಚೆಂಡು' ಎಂದೇ ಕರೆಯುವವರು.

"ಯಾವಾಗ ಹೋದ್ರು?" ಎಂದರು ಯಾನಿನಮ್ಮ ಮೆಲ್ಲಗೆ.

"ಯಾರು?"

"ಪಾಪ, ಮಗೂಗೆ ಮಾತೇ ಹೊರಡ್ತಿಲ್ಲ," ಎಂದು ಅವರು ಹಿಂದಿನವರಿಗೆ ವಿವರಿಸಿದರು. "ಕೀಲು ಬದಲಾಯಿಸೋಕೆ ಹೋದವರು. ತೋಟದಲ್ಲೇ ಮಣ್ಣು ಮಾಡ್ಬೇಕು ಅಂತ ಆಸೆಯಿತ್ತೋ ಏನೋ. ಇದಕ್ಕೆಲ್ಲ ಸಂಘದವರು ಒಪ್ತಾರಾ?"

ಆಗ ನನಗೆ ಅರ್ಥವಾಯಿತು. ಇದು ಮಾವನಲ್ಲ, ಟೊಮ್ಯಾಟೊ ಎಂದರೆ ಜೋಫಿಯಾಗಿಂತ ಮೊದಲೇ ನೆಟ್ಟದ್ದು ಬಯಲಾಗುತ್ತದೆ. ಯಾನಿನಮ್ಮನಿಗೆ ಗೊತ್ತಾದರೆ ಮಾವನಿಗೆ ಗೊತ್ತಾದಂತೆಯೇ. ತೋಟ ಹೋಯಿತು. ಹೇಳದಿದ್ದರೆ ಮಾವ ಹೋದರು. ಸ್ವಲ್ಪ ಹೊತ್ತು ಹೋಗಿರಲಿ, ಆಮೇಲೆ ನಿಧಾನವಾಗಿ ಬದುಕಿಸಿದರಾಯಿತು ಎಂದುಕೊಂಡೆ.

ಅಷ್ಟರಲ್ಲಿ ಎಡ್ಮುಂಡ್ ಮಡಿಯ ಬುಡದಲ್ಲಿ ಹೂವಿಟ್ಟು ಬಿಕ್ಕತೊಡಗಿದರು. ನನ್ನ ಜೇಬಿನಲ್ಲಿ ಫೋನು ರಿಂಗಾಯಿತು. ತೆಗೆದೆ. ಪರದೆಯ ಮೇಲೆ ಹೆಸರು, 'ಮಾವ'. ಪಕ್ಕದಲ್ಲೇ ಇದ್ದ ಯಾನಿನಮ್ಮ ಅದನ್ನು ಓದಿ ನನ್ನ ತೋಳನ್ನು ಹಿಡಿದುಕೊಂಡರು, ಬೆಚ್ಚಿದ ನನ್ನ ಬೆರಳು ಎಲ್ಲಿಗೋ ತಾಗಿ ಫೋನು ಸ್ಪೀಕರ್‌ನಲ್ಲಿ ಮಾತಾಡತೊಡಗಿತು.

"ಏನಯ್ಯಾ, ಎಷ್ಟು ಡಿಗ್ರಿ ಇದೆ ಅಲ್ಲಿ?"

ಬಂದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಎಡ್ಮುಂಡ್ ಒಬ್ಬರಿಗೆ ಮಾತ್ರ ಅಳುವ ಭರದಲ್ಲಿ ಏನೂ ಕೇಳಿಸಲಿಲ್ಲ. ಅವರು ಗಟ್ಟಿಯಾಗಿ ಹೇಳುತ್ತಿದ್ದರು: "ಹೆನ್ರಿಕ್, ನನ್ನ ಕ್ಷಮಿಸಪ್ಪ. ಹೊಟ್ಟೆಕಿಚ್ಚಿಗೆ ಏನೇನೋ ಅಂದೆ. ನಿನ್ನ ಟೊಮ್ಯಾಟೊದಂಥದ್ದು ಈ ತೋಟಗಳಲ್ಲೇ ಇಲ್ಲ. ಕದ್ದು ತಿಂದಿದ್ದೀನಿ."

ಫೋನಿನೊಳಗಿಂದ ಬಹಳ ನಯವಾದ ದನಿ ಬಂತು.

"ಎಡ್ಮುಂಡ್, ಇನ್ನೊಂದ್ಸಲ ಹೇಳು."

ಎಡ್ಮುಂಡ್ ಹುಲ್ಲಿನ ಮೇಲೆ ಕೂತುಬಿಟ್ಟರು. ಆಮೇಲಿನದನ್ನು ನಾನು ವಿವರಿಸುವುದಿಲ್ಲ. ಎಲ್ಲರ ಮುಂದೆ ಚಾದರ ಎತ್ತಿ ತೋರಿಸಬೇಕಾಯಿತು, ಫೋನಿನಲ್ಲಿ ದಿನಾಂಕ ಸಮೇತ ತಪ್ಪೊಪ್ಪಿಗೆ ಆಯಿತು. ಯಾನಿನಮ್ಮ ಹೂಗಳನ್ನು ವಾಪಸ್ ಆಯ್ದುಕೊಂಡು, "ಜೋಫಿಯಾಗಿಂತ ಮೊದಲಾ? ಇದಕ್ಕಿಂತ ಹೆನ್ರಿಕ್ ಹೋಗಿದ್ರೇ ಅರ್ಥ ಆಗ್ತಿತ್ತು," ಎಂದು ಹೊರಟರು.

ಆ ರಾತ್ರಿ ಹಿಮ ಬೀಳಲೇ ಇಲ್ಲ.

ಮಾವ ವಾಪಸ್ ಬಂದವರು ನೇರ ತೋಟಕ್ಕೆ ಕರೆದುಕೊಂಡು ಹೋಗು ಎಂದರು. ಊರುಗೋಲಿನ ತುದಿಯಿಂದ ಒಂದೊಂದೇ ಸಸಿಯನ್ನು ಮುಟ್ಟಿ ನೋಡಿದರು. ಎಲ್ಲವೂ ಹಸಿರಾಗಿದ್ದವು. ನಾನು ಮದುಮಗನಂತೆ ನಿಂತಿದ್ದೆ.

"ಸುಳ್ಳು ಹೇಳಿದೆ, ಆದ್ರೂ ಬದುಕಿಸಿದೆ," ಎಂದರು. "ನಾನು ಮಾತಿಗೆ ತಪ್ಪೋನಲ್ಲ. ತೋಟ ನಿಮಗೇ."

ಜೊತೆಗೆ ಬಂದಿದ್ದ ದನೂತಾ ನನ್ನ ಕೈ ಹಿಡಿದಳು. ನನ್ನ ಕಣ್ಣು ಒದ್ದೆಯಾಯಿತು, ಈ ಸಲ ಹೊಗೆಯಿಲ್ಲದೆ.

"ನಾನು ಸತ್ತ ಮೇಲೆ," ಎಂದು ಮುಗಿಸಿದರು ಮಾವ.

"ಆವತ್ತು ಹಾಗೆ ಹೇಳಿರ್ಲಿಲ್ಲ ಮಾವ."

"ಆವತ್ತು ಎಡ್ಮುಂಡ್ ಬಾಯಿ ಬಿಟ್ಟಿರ್ಲಿಲ್ಲ. ಈಗ ಅವನು ಪ್ರತಿ ಬೇಸಗೇಲೂ ನನ್ನೆದುರು ಅದನ್ನ ಹೇಳ್ಬೇಕು, ನಾನು ಕೇಳ್ಬೇಕು. ಹೊಸ ಕೀಲು ಇಪ್ಪತ್ತು ವರ್ಷ ಬಾಳಿಕೆ ಬರುತ್ತೆ ಅಂತ ಡಾಕ್ಟರು ಹೇಳಿದ್ದಾರೆ. ಬಗ್ಗೋಕೆ ಮಾತ್ರ ಆಗಲ್ಲ." ಹೀಗೆಂದು ಗುದ್ದಲಿಯನ್ನು ನನ್ನ ಕೈಗಿತ್ತರು.

ಈಗ ಕಚೇರಿ ಮುಗಿಸಿ ನಾನು ದಿನಾ ಸಂಜೆ ಕಳೆ ಕೀಳುತ್ತೇನೆ. ತೋಟದ ಮೂಲೆಯ ಗುಡಿಸಲಿನ ನೆರಳಲ್ಲಿ ಎರಡು ಕುರ್ಚಿ. ಒಂದರಲ್ಲಿ ಮಾವ, ಇನ್ನೊಂದರಲ್ಲಿ ಎಡ್ಮುಂಡ್.

"ಹೆನ್ರಿಕ್, ಈ ಹುಡುಗ ಹಳ್ಳೀಲಿ ಬೆಳೆದವನು ಅಂದ್ಯಲ್ಲ, ನಿಜವಾ?" ಎನ್ನುತ್ತಾರೆ ಎಡ್ಮುಂಡ್, ನಾನು ಬಗ್ಗಿರುವುದನ್ನೇ ನೋಡುತ್ತಾ.

"ಹಾಗಂತ ಅವನು ಹೇಳ್ತಾನೆ," ಎನ್ನುತ್ತಾರೆ ಮಾವ.