ಪಕ್ಕದ ಸೀಟಿನ ರಬ್ಬರ್ ಉಂಡೆ

ಮಾವನವರ ಮೇಲೆ ನನಗಿದ್ದದ್ದು ಒಂದೇ ತಕರಾರು. (ಅವರ ಮಗಳ ವಿಷಯ ಬಿಡಿ, ಅದರ ವಿಚಾರಣೆ ಇನ್ನೂ ನಡೆಯುತ್ತಿದೆ.) ಅಷ್ಟು ಚೆಂದದ ಹಳೇ ಕೆಂಪು ಸ್ಪೋರ್ಟ್ಸ್ ಕಾರು, ಎರಡೇ ಸೀಟು, ಮಡಚಿಡುವ ಛಾವಣಿ, ಆದರೆ ಮುಂದಿನ ಗಾಜಿನ ಪ್ರಕ್ಷಾಳನ ವ್ಯವಸ್ಥೆ ಮಾತ್ರ ದೇವರಿಗೇ ಪ್ರೀತಿ. ಮೋಟಾರಿಲ್ಲ, ಮಣ್ಣಿಲ್ಲ. ಕಾಲಡಿಯಲ್ಲಿ ಒಂದು ರಬ್ಬರ್ ಉಂಡೆ. ತುಳಿದರೆ ಗಾಜಿನ ಮೇಲೆ ನೀರು ಚಿಮ್ಮುತ್ತದೆ. ಕಂಪನಿಯವರು ಅದನ್ನು ಓಡಿಸುವವರ ಕಾಲ ಹತ್ತಿರವೇ ಇಟ್ಟಿದ್ದರಂತೆ. ಮಾವನವರು ಕಿತ್ತು ಪಕ್ಕದ ಸೀಟಿನ ಕಡೆ ಜೋಡಿಸಿದ್ದರು! ಕನ್ನಡಕದಂಗಡಿ ಇಟ್ಟುಕೊಂಡು ದಿನವಿಡೀ ಗಾಜು ಒರೆಸುವ ನಾನು ಇದನ್ನು ಹೇಗೆ ಸಹಿಸಲಿ?

ಮಾವ ತೀರಿಕೊಂಡ ಮೇಲೆ ಕಾರು ಅತ್ತೆಯವರದಾಯಿತು. ನನಗೋ ಅದರ ಮೇಲೆ ಮೊದಲಿನಿಂದಲೂ ಕಣ್ಣು. "ಭಾನುವಾರ ಒಂದು ಸುತ್ತು ಕರ್ಕೊಂಡು ಹೋಗಿ, ಯಾರಿಗೆ ಕೊಡೋದು ಅಂತ ಆಮೇಲೆ ಹೇಳ್ತೀನಿ" ಎಂದರು ಅತ್ತೆ. ಅವರನ್ನು ಮೆಚ್ಚಿಸಲು ನನಗೆ ದಿವ್ಯವಾದ ಯೋಚನೆ ಹೊಳೆಯಿತು. ಉಂಡೆ ಕಿತ್ತು ಕರೆಂಟ್ ಮೋಟಾರು ಹಾಕುವುದು.

"ರೀ, ಅದನ್ನ ಮುಟ್ಟಬೇಡಿ. ಅಪ್ಪ ಸುಮ್ಸುಮ್ನೆ ಮಾಡಿರಲ್ಲ" ಎಂದಳು ಹೆಂಡತಿ.

"ಪಾಪ, ಅತ್ತೆಯವರ ಮಂಡಿನೋವು ಯಾರು ನೋಡ್ತಾರೆ?"

"ಅಮ್ಮನಿಗೆ ಮಂಡಿನೋವು ಎಲ್ಲಿದೆ?"

"ಮುಂದೆ ಬರಬಹುದಲ್ಲ!"

ಭಾನುವಾರ ಛಾವಣಿ ಮಡಚಿ ಅತ್ತೆಯೂ ನಾನೂ ಹೊರಟೆವು. ಮುಂದಿದ್ದ ಲಾರಿ ಗಾಜಿನ ತುಂಬ ಧೂಳೆಬ್ಬಿಸಿತು. ಅತ್ತೆಯವರ ಕಾಲು ತಾನಾಗಿ ಮುಂದೆ ಹೋಗಿ ಬರೀ ಮ್ಯಾಟನ್ನು ತುಳಿಯಿತು. ಮತ್ತೊಮ್ಮೆ ತುಳಿಯಿತು.

"ಉಂಡೆ ಎಲ್ಲಿ?"

"ತೆಗೆದುಬಿಟ್ಟೆ ಅತ್ತೆ. ಇನ್ನು ನಿಮಗೆ ಕಷ್ಟವೇ ಇಲ್ಲ, ನೋಡ್ತಾ ಇರಿ" ಎಂದು ಹೊಸ ಗುಂಡಿ ಒತ್ತಿದೆ. ಮೋಟಾರಿನ ಪರಾಕ್ರಮ ಹೆಚ್ಚಾಯಿತು. ನೀರು ಗಾಜನ್ನು ಸೋಕದೆ ಮೇಲಿಂದ ಹಾರಿ ನಮ್ಮಿಬ್ಬರ ತಲೆಯ ಮೇಲೆ ಸುರಿಯಿತು. ಗಾಜೊಂದು ಬಿಟ್ಟು ಎಲ್ಲವೂ ತೊಳೆದುಹೋಯಿತು.

ಕಾರು ನಿಲ್ಲಿಸಿ, ಬೈಗುಳಕ್ಕೆ ತಲೆಯೊಡ್ಡಿ ಕೂತೆ. ಅತ್ತೆ ಬೈಯಲಿಲ್ಲ. ಮುಖದ ನೀರೂ ಒರೆಸಿಕೊಳ್ಳದೆ ಮ್ಯಾಟನ್ನೇ ನೋಡುತ್ತಿದ್ದರು.

"ನಿಮ್ಮ ಮಾವ ಬಾಯಿಬಿಟ್ಟು ತಪ್ಪಾಯ್ತು ಅನ್ನೋ ಜನ ಅಲ್ಲ. ಜಗಳ ಆದ್ರೆ ಇಬ್ರಿಗೂ ಮಾತಿಲ್ಲ. ಆಮೇಲೆ ಕಾರಲ್ಲಿ ಹೋಗ್ತಾ, 'ಸ್ವಲ್ಪ ನೀರು ಬಿಡ್ತೀಯಾ?' ಅನ್ನೋರು. ಗಾಜು ಚೊಕ್ಕಟವಾಗೇ ಇರ್ತಿತ್ತು, ಆದ್ರೂ ಕೇಳೋರು. ನಾನು ಒತ್ತಿದ್ರೆ ರಾಜಿ. ಒತ್ತದಿದ್ರೆ ಕೋಪ ಇನ್ನೂ ಇಳಿದಿಲ್ಲ ಅಂತ. ಅದಕ್ಕೇ ಅದನ್ನ ಈ ಕಡೆ ತಂದಿದ್ದು."

ಒಂದು ಸಂಸಾರದ ಮಾತನ್ನೇ ನಾನು ಸ್ಕ್ರೂ ಬಿಚ್ಚಿ ಡಬ್ಬಕ್ಕೆ ಹಾಕಿದ್ದೆ.

"ಎಸೆದಿಲ್ಲ ಅತ್ತೆ. ಇವತ್ತೇ ಮತ್ತೆ ಹಾಕ್ತೀನಿ."

"ಈ ಕಡೆಗೇ ಹಾಕಿ" ಎಂದರು. ಮನೆ ತಲುಪಿದ ಮೇಲೆ ತೀರ್ಪೂ ಬಂತು. "ಕಾರು ನಿಮ್ಮ ಮನೇಲೇ ಇರ್ಲಿ."

ನಾನು ಉಬ್ಬಿಹೋದೆ.

"ಓಡಿಸೋದು ಮಗಳು. ನೀವು ಪಕ್ಕದಲ್ಲಿ ಕೂತು ನೀರು ಬಿಡಿ. ಅವಳೂ ಅವರಪ್ಪನ ಥರಾನೇ, ತಪ್ಪಾಯ್ತು ಅನ್ನೋಕೆ ಬಾಯಿ ಬರಲ್ಲ."

ಸ್ಟಿಯರಿಂಗ್ ಹಿಡಿಯುವ ಆಸೆಗೆ ಎಳ್ಳುನೀರು ಬಿಟ್ಟೆ. (ನೀರು ಬಿಡುವ ಕೆಲಸ ಅಲ್ಲಿಂದಲೇ ಶುರು.)

ಹೋದ ವಾರ ಒದ್ದೆ ಟವೆಲಿನ ವಿಷಯಕ್ಕೆ ನಮ್ಮಿಬ್ಬರ ಮಾತು ನಿಂತಿತ್ತು. ಕಾರಿನಲ್ಲಿ ಹೋಗುತ್ತಾ ಅವಳು ರಸ್ತೆಯನ್ನೇ ನೋಡುತ್ತಾ, "ಸ್ವಲ್ಪ ನೀರು ಬಿಡ್ತೀರಾ?" ಎಂದಳು. ನಾನು ಒಳಗೊಳಗೇ ಹಿಗ್ಗಿದೆ. ಇಷ್ಟು ಬೇಗ ಶರಣಾಗತಿಯೇ? ಇನ್ನೊಂದು ಸಲ ಕೇಳಲಿ ಎಂದು ಕಾಲ ಮೇಲೆ ಕಾಲು ಹಾಕಿಕೊಂಡು ಗತ್ತಿನಿಂದ ಕೂತೆ.

ಅವಳು ಕಾರನ್ನು ಪಕ್ಕಕ್ಕೆ ನಿಲ್ಲಿಸಿದಳು.

"ರಾಜಿಗೆ ಕೇಳಿದ್ದಲ್ಲ ರೀ, ನಿಜವಾಗ್ಲೂ ಏನೂ ಕಾಣ್ತಿಲ್ಲ. ಇಳೀರಿ. ಕನ್ನಡಕ ಒರೆಸೋ ಬಟ್ಟೆ ಜೇಬಲ್ಲೇ ಇದೆಯಲ್ಲ?"

ಇಳಿದೆ. ಅಂಗೈಯಗಲದ ಬಟ್ಟೆಯಲ್ಲಿ ಅಷ್ಟು ದೊಡ್ಡ ಗಾಜನ್ನು ಒರೆಸತೊಡಗಿದೆ. ಅವಳು ಒಳಗಿನಿಂದ ಬೆರಳಿಟ್ಟು, "ಇಲ್ಲೊಂಚೂರು, ಅಲ್ಲೊಂಚೂರು" ಎಂದು ತೋರಿಸುತ್ತಿದ್ದಳು. ಒರೆಸಿದಷ್ಟೂ ಅವಳು ನಗುತ್ತಿರುವುದು ನನಗೆ ಚೆನ್ನಾಗಿ ಕಾಣತೊಡಗಿತು.