ಇಟಲಿ ಟ್ಯಾಂಕಿಗೆ ನಮ್ಮವರು ಮಾಡಿದ ಮರ್ಯಾದೆ

ಇಸ್ಪೀಟಾಡಿದರೆ ಜೊತೆಗೆ ಕೂರುತ್ತಾರೆ. ಪ್ಲಾಸ್ಟಿಕ್ ತುಂಡು ಅಂಟಿಸಿ ಪುಟ್ಟ ಯುದ್ಧ ಟ್ಯಾಂಕು ಮಾಡಿದರೆ ಮಾತ್ರ ಊರಿಗೆಲ್ಲ ತಮಾಷೆ! ನನ್ನ ಮನೆ ಚಾಮರಾಜನಗರದಲ್ಲಿ, ಕೆಲಸ ಗುಂಡ್ಲುಪೇಟೆಯ ಟೆಲಿಫೋನ್ ಆಫೀಸಿನಲ್ಲಿ. ಅವಮಾನ ಎರಡೂ ಕಡೆ.

೧. ಎಷ್ಟು ಲೀಟರು?

ಆ ಸಲ ತರಿಸಿದ್ದು ಎರಡನೇ ಮಹಾಯುದ್ಧಕ್ಕೂ ಮೊದಲಿನ, ಇಟಲಿಯವರ ಹಗುರ ಟ್ಯಾಂಕಿನ ಕಿಟ್. ಪೋಸ್ಟ್‌ಮ್ಯಾನ್ ಬೀದಿಗೆಲ್ಲ ಕೇಳುವಂತೆ, "ಸಾರ್, ಫಾರಿನ್ನಿಂದ ಟ್ಯಾಂಕು ಬಂದದೆ!" ಎಂದು ಕೂಗಿದ. ನಲ್ಲಿ ನೀರಿಗೆ ಕಾಯುತ್ತಿದ್ದ ಪಕ್ಕದ ಮನೆ ಅಜ್ಜಿ ಕೊಡ ಸಮೇತ ಬಂದರು.

"ಎಷ್ಟ್ ಲೀಟ್ರುದಪ್ಪ?"

ಇದು ನೀರಿನದಲ್ಲ, ಯುದ್ಧದ್ದು ಎಂದು ಡಬ್ಬ ತೆಗೆದು ತೋರಿಸಿದೆ. ಒಳಗಿದ್ದ ಸಣ್ಣ ಸಣ್ಣ ತುಂಡುಗಳನ್ನು ನೋಡಿ ಅಜ್ಜಿ ಲೊಚಗುಟ್ಟಿದರು.

"ಅಯ್ಯೋ ಮಗ, ಬರೋ ದಾರೀಲೇ ಪುಡಿ ಮಾಡ್ಬುಟ್ಟವ್ರಲ್ಲೋ! ವಾಪಸ್ ಕಳಿಸ್ಬುಡು!"

೨. ಮಾವನ ಪ್ರಶ್ನೆ

ಟ್ಯಾಂಕು ಅರ್ಧ ಎದ್ದು ನಿಂತಿದ್ದಾಗ ಉಮ್ಮತ್ತೂರಿನಿಂದ ಮಾವ ಬಂದರು. ಬೇಸಾಯಗಾರರು, ಮಾತು ಕಡಿಮೆ. ತುಂಬ ಹೊತ್ತು ನೋಡಿ, "ಟ್ರ್ಯಾಕ್ಟ್ರಾ ಅಳಿಯಂದ್ರೆ?" ಎಂದರು.

ಕೇಳುವವರು ಸಿಕ್ಕರಲ್ಲ ಎಂದು ಕುರ್ಚಿ ಎಳೆದುಕೊಟ್ಟು ವಿವರಿಸಿದೆ. "ಟ್ಯಾಂಕು ಮಾವ. ಬಹಳ ಅಪರೂಪದ್ದು. ಪರೀಕ್ಷೆಗೆ ಅಂತ ಒಂದು ಮಾಡಿ ನೋಡಿದರು, ಸರಿಬರಲಿಲ್ಲ, ಕೈಬಿಟ್ಟರು."

ಮಾವ ಎಲೆಅಡಿಕೆ ಅಗಿಯುವುದನ್ನೇ ನಿಲ್ಲಿಸಿದರು.

"ಮಾಡ್ದವ್ರೇ ಬ್ಯಾಡ ಅಂತ ಬುಟ್ಟದ್ದ ನೀವ್ಯಾಕ್ ತರಿಸ್ಕಂಡ್ರಿ?"

ಒಳಗೆ ನನ್ನ ಹೆಂಡತಿ ನಕ್ಕಿದ್ದು ಅಡುಗೆಮನೆ ದಾಟಿ ಬೀದಿಗೂ ಕೇಳಿಸಿರಬೇಕು.

೩. ಆಯುಧಪೂಜೆ

ತಿಂಗಳುಗಟ್ಟಲೆ ಅಂಟಿಸಿ, ಉಜ್ಜಿ, ಬಣ್ಣ ಬಳಿದು ಮುಗಿಸಿದೆ. ಆಫೀಸಿನವರಾದರೂ ಮೆಚ್ಚಲಿ ಎಂದು ಆಯುಧಪೂಜೆಯ ದಿನ ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಗುಂಡ್ಲುಪೇಟೆಗೆ ಒಯ್ದೆ. ಮೇಜಿನ ಮೇಲಿಟ್ಟು, ಸಾಹೇಬರ ಜೀಪಿನ ಪೂಜೆಗೆ ಹೊರಗೆ ಹೋದೆ.

ಮಂಗಳಾರತಿ ಮುಗಿಸಿ ಬರುವಷ್ಟರಲ್ಲಿ ನಮ್ಮ ಅಟೆಂಡರ್ ಟ್ಯಾಂಕಿಗೆ ಮೂರು ಪಟ್ಟೆ ವಿಭೂತಿ ಬಳಿದು, ತೋಪಿನ ಕೊಳವೆಗೆ ಚೆಂಡುಹೂ ಸಿಕ್ಕಿಸಿದ್ದ.

"ಏನಯ್ಯಾ ಇದು!"

"ಗಾಡಿ ಅಂದ್ಮೇಲೆ ಪೂಜೆ ಬ್ಯಾಡ್ವಾ ಸಾ?" ಎಂದವನೇ ಜೀಪಿಗೆ ತಂದು ಮಿಕ್ಕಿದ್ದ ನಿಂಬೆಹಣ್ಣನ್ನು ಟ್ಯಾಂಕಿನ ಅಡಿಗಿಟ್ಟ. "ಬೇಡ ಬೇಡ!" ಎಂದು ನಾನು ಓಡಿ ಬರುವುದರೊಳಗೆ ಟ್ಯಾಂಕನ್ನು ಅಂಗೈಯಿಂದ ಭದ್ರವಾಗಿ ಒತ್ತಿಯೇಬಿಟ್ಟ.

ಚಟಾರ್! ತೋಪು ಒಂದು ಕಡೆ, ಚಕ್ರಗಳು ಇನ್ನೊಂದು ಕಡೆ.

ಅವನು ನಿಂಬೆಹಣ್ಣನ್ನು ಎತ್ತಿ, ತಿರುಗಿಸಿ ತಿರುಗಿಸಿ ನೋಡಿದ. ಒಂದು ಗೀರೂ ಇರಲಿಲ್ಲ.

"ಏನ್ ಸಾ, ಯುದ್ಧದ ಗಾಡಿ ಅಂತೀರಿ, ಒಂದ್ ನಿಂಬೆಹಣ್ ತುಳಿಯಾಕಾಗ್ನಿಲ್ವಲ್ಲ!"